ಮೊದಲು ಮಾದರಿ ಮಾಡಿ: ವಿನ್ಯಾಸದಲ್ಲಿ ಪ್ರೊಟೊಟೈಪ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ವಿನ್ಯಾಸ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಸಣ್ಣ ಕೈಗಾರಿಕೆ ನಡೆಸುವವರು, ಆ್ಯಪ್ ಕಟ್ಟುವ ಹುಮ್ಮಸ್ಸಿನಲ್ಲಿರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳಲ್ಲಿ ನನ್ನ ಅಭಿಪ್ರಾಯವೂ ಧಾರಾಳವಾಗಿ ಬೆರೆತಿದೆ. ಒಪ್ಪದವರು ತಮ್ಮ ಕೆಲಸದ ಮೇಜಿನ ಮೇಲೆ ಪರೀಕ್ಷಿಸಿ ನೋಡಲಿ. ಮಾದರಿ ಎಂದು ಬರೆದಲ್ಲೆಲ್ಲ ಪ್ರೊಟೊಟೈಪ್ ಎಂದೇ ತಿಳಿಯಿರಿ.

ಪ್ರೊಟೊಟೈಪ್ ಎಂದರೆ ಉತ್ಪನ್ನದ ಮೊದಲ ಪ್ರತಿ ತಾನೇ?

ಅಲ್ಲ. ಹಾಗೆಂದುಕೊಂಡವರು ಮೊದಲ ದಿನದಿಂದಲೇ ಡೈ (ಅಚ್ಚು) ಮಾಡಿಸಲು, ಪಿಸಿಬಿ (ಎಲೆಕ್ಟ್ರಾನಿಕ್ ಬಿಡಿಭಾಗ ಕೂರಿಸುವ ಹಲಗೆ) ಮಾಡಿಸಲು ಓಡಾಡುತ್ತಾರೆ. ಕೈಯಲ್ಲಿದ್ದ ಹಣ ಮುಗಿದ ಮೇಲೆ, ಆ ವಸ್ತು ಯಾರಿಗೂ ಬೇಕಾಗಿರಲಿಲ್ಲ ಎಂಬುದು ತಿಳಿಯುತ್ತದೆ. ಮಾದರಿ ಇರುವುದು ಒಂದು ಸಂಶಯ ತೀರಿಸಿಕೊಳ್ಳಲಿಕ್ಕೆ. ಆ ಸಂಶಯ ಯಾವುದೆಂದು ಮೊದಲು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಅದಕ್ಕೆ ‘ಇಲ್ಲ’ ಎಂಬ ಉತ್ತರ ಬರಲು ಅವಕಾಶವಿರಬೇಕು. ‘ನಮ್ಮ ಡಬ್ಬಿ ಚೆನ್ನಾಗಿದೆಯೇ?’ ಎಂಬುದು ಪ್ರಶ್ನೆಯೇ ಅಲ್ಲ. ‘ಎಪ್ಪತ್ತು ದಾಟಿದ ಅಜ್ಜಿ ಈ ಮುಚ್ಚಳವನ್ನು ಯಾರ ನೆರವೂ ಇಲ್ಲದೆ ತೆರೆಯಬಲ್ಲರೇ?’ ಎಂಬುದು ಪ್ರಶ್ನೆ. ಇದಕ್ಕೆ ಉತ್ತರ ಪಡೆಯಲು ಮುಚ್ಚಳ ಮತ್ತು ಡಬ್ಬಿಯ ಬಾಯಿ ಇದ್ದರೆ ಸಾಕು, ಇಡೀ ಡಬ್ಬಿ ಬೇಕಿಲ್ಲ.

ಅಮೆರಿಕದಲ್ಲಿ ಪಾಮ್ ಕಂಪನಿ ಕಟ್ಟಿದ ಜೆಫ್ ಹಾಕಿನ್ಸ್ ಮಾಡಿದ್ದು ಇದನ್ನೇ. 1990ರ ದಶಕದ ಮೊದಲ ವರ್ಷಗಳಲ್ಲಿ ಕೈಯಲ್ಲಿ ಹಿಡಿಯುವ ಕಂಪ್ಯೂಟರ್‌ಗಳು ಒಂದರ ಹಿಂದೆ ಒಂದು ಸೋಲುತ್ತಿದ್ದವು. ಅವರ ಕಂಪನಿಯೇ ಕೈಜೋಡಿಸಿದ್ದ ಜೂಮರ್ ಎಂಬ ಸಾಧನವೂ ಸೋತಿತ್ತು. ಹಾಕಿನ್ಸ್ ಅಂಗಿಯ ಜೇಬಿಗೆ ಹಿಡಿಸುವಂತೆ ಒಂದು ಮರದ ತುಂಡು ಕತ್ತರಿಸಿಕೊಂಡರು. ಬರೆಯುವ ಕಡ್ಡಿಯ ಬದಲು, ತುದಿ ಕತ್ತರಿಸಿದ ಊಟದ ಚಾಪ್‌ಸ್ಟಿಕ್. ಯಾರಾದರೂ ಭೇಟಿಯ ಸಮಯ ಕೇಳಿದರೆ ಜೇಬಿನಿಂದ ಮರದ ತುಂಡು ತೆಗೆದು, ಅದರ ಮೇಲೆ ದಿನಚರಿ ನೋಡಿದಂತೆ ನಟಿಸುತ್ತಿದ್ದರು. ಅಕ್ಕಪಕ್ಕದವರು ಏನೆಂದುಕೊಂಡರೋ! ಆದರೆ ಇದನ್ನು ದಿನವಿಡೀ ಜೇಬಿನಲ್ಲಿ ಇಟ್ಟುಕೊಳ್ಳಬಹುದೇ, ದಿನಕ್ಕೆ ಎಷ್ಟು ಸಲ ಹೊರತೆಗೆಯುತ್ತೇನೆ, ಯಾವ ಕೆಲಸಕ್ಕೆ ತೆಗೆಯುತ್ತೇನೆ ಎಂಬ ಪ್ರಶ್ನೆಗಳಿಗೆ ಒಂದೇ ಒಂದು ಬಿಡಿಭಾಗವಿಲ್ಲದ ಆ ಮರದ ತುಂಡು ಉತ್ತರ ಕೊಟ್ಟಿತು. 1996ರಲ್ಲಿ ಬಂದ ಪಾಮ್ ಕಂಪನಿಯ ‘ಪೈಲಟ್’ ಗೆದ್ದದ್ದು ಜೇಬಿನಲ್ಲಿ ಹಿಡಿಸಿದ್ದರಿಂದ, ಮತ್ತು ಬೇಡದ ಕೆಲಸಗಳನ್ನು ಮಾಡದೇ ಇದ್ದದ್ದರಿಂದ.

ಕಾಗದದ ಮೇಲೆ ಲೆಕ್ಕ ಸರಿಯಾಗಿ ಹಾಕಿದರೆ ಸಾಲದೇ? ಈಗಂತೂ ಕಂಪ್ಯೂಟರ್ ಇದೆಯಲ್ಲ.

ಲೆಕ್ಕ ಬೇಕು. ಆದರೆ ಲೆಕ್ಕಕ್ಕೆ ಹಾಕಿದ ಸಂಖ್ಯೆ ಎಲ್ಲಿಂದ ಬಂತು ಎಂಬುದನ್ನೂ ಕೇಳಬೇಕು. ರೈಟ್ ಸಹೋದರರು 1901ರಲ್ಲಿ ಕಟ್ಟಿದ ಗ್ಲೈಡರ್ (ಎಂಜಿನ್ ಇಲ್ಲದ ವಿಮಾನ), ರೆಕ್ಕೆ ಎಷ್ಟು ಭಾರ ಎತ್ತುತ್ತದೆ ಎಂದು ಹೇಳುವ, ಅಂದು ಎಲ್ಲರೂ ನಂಬಿದ್ದ ಕೋಷ್ಟಕಗಳ ಪ್ರಕಾರ ತಯಾರಾದದ್ದು. ಕಿಟ್ಟಿ ಹಾಕ್ ಬಳಿಯ ಮರಳುದಿಬ್ಬದ ಮೇಲೆ ಅದು ಎತ್ತಿದ ಭಾರ ಲೆಕ್ಕ ಹೇಳಿದ್ದರ ಮೂರನೇ ಒಂದು ಪಾಲಿನ ಆಸುಪಾಸು. ಇಬ್ಬರೂ ನಿರಾಶರಾಗಿ ತಮ್ಮೂರು ಡೇಟನ್‌ಗೆ ಮರಳಿದರು.

ಮುಂದೆ ಅವರು ಮಾಡಿದ ಕೆಲಸವನ್ನು ಪ್ರತಿ ವಿನ್ಯಾಸ ತರಗತಿಯಲ್ಲೂ ಹೇಳಬೇಕೆಂಬುದು ನನ್ನ ಹಟ. ಇನ್ನೊಂದು ದೊಡ್ಡ ಗ್ಲೈಡರ್ ಕಟ್ಟಲು ಅವರು ಹೊರಡಲಿಲ್ಲ. ಸೈಕಲ್ ಅಂಗಡಿಯಲ್ಲೇ ಆರು ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ತುದಿಗೆ ಫ್ಯಾನ್ ಜೋಡಿಸಿ ಗಾಳಿ ಸುರಂಗ ಮಾಡಿಕೊಂಡರು. ಗಾಳಿಯ ಬಲ ಅಳೆಯುವ ತಕ್ಕಡಿಗೆ ಬಳಸಿದ್ದು ಹ್ಯಾಕ್ಸಾ ಬ್ಲೇಡು ಮತ್ತು ಸೈಕಲ್ ಕಡ್ಡಿಯ ತಂತಿ. ತಗಡಿನಲ್ಲಿ ಕತ್ತರಿಸಿದ, ಅಂಗೈಯಲ್ಲಿ ಹಿಡಿಸುವ ಸುಮಾರು 200 ರೆಕ್ಕೆಯಾಕಾರಗಳನ್ನು ಅದರೊಳಗೆ ಇಟ್ಟು ನೋಡಿದರು. ಕೆಲವೇ ವಾರಗಳ ಆ ಕೆಲಸದಿಂದ ಎರಡು ಸಂಗತಿ ಹೊರಬಂದವು. ಗಾಳಿಯ ಒತ್ತಡಕ್ಕೆ ಬಹುಕಾಲದಿಂದ ಎಲ್ಲರೂ ಬಳಸುತ್ತಿದ್ದ ಗುಣಾಂಕ ವಾಸ್ತವಕ್ಕಿಂತ ಬಹಳ ದೊಡ್ಡದಾಗಿತ್ತು. ಮತ್ತು ರೆಕ್ಕೆ ಉದ್ದವಾಗಿ ಕಿರಿದಾಗಿದ್ದರೆ ಹೆಚ್ಚು ಲಾಭ. 1902ರ ಗ್ಲೈಡರ್ ಈ ಅಂಕಿಗಳ ಮೇಲೆ ನಿಂತಿತು. 1903ರ ಡಿಸೆಂಬರ್ 17ರಂದು ಎಂಜಿನ್ ಜೋಡಿಸಿದ ವಿಮಾನ 12 ಸೆಕೆಂಡು ಹಾರಿತು.

ಕಂಪ್ಯೂಟರಿಗೂ ಇದೇ ಮಾತು. ಸಿಮ್ಯುಲೇಶನ್ (ಕಂಪ್ಯೂಟರಿನೊಳಗೆ ನಡೆಸುವ ಅಣಕು ಪರೀಕ್ಷೆ) ನೀವು ಕೊಟ್ಟ ಘರ್ಷಣೆ, ನೀವು ಕೊಟ್ಟ ತಾಪ, ನೀವು ಊಹಿಸಿದ ಬಳಕೆದಾರರನ್ನು ಇಟ್ಟುಕೊಂಡು ಲೆಕ್ಕ ಹಾಕುತ್ತದೆ. ನೀವು ಊಹಿಸದೇ ಇದ್ದದ್ದನ್ನು ಹೇಳುವುದು ಕಬ್ಬಿಣ, ಪ್ಲಾಸ್ಟಿಕ್, ಬಟ್ಟೆ ಮತ್ತು ಮನುಷ್ಯರು ಮಾತ್ರ.

ಸಣ್ಣ ಅಳತೆಯ ಮಾದರಿ ಚೆನ್ನಾಗಿ ಕೆಲಸ ಮಾಡಿದರೆ ದೊಡ್ಡದೂ ಮಾಡುತ್ತದೆಯಲ್ಲವೇ?

ನೀವು ಕೇಳಿದ ಪ್ರಶ್ನೆಯ ಮೇಲೆ ಹೋಗುತ್ತದೆ. ರೈಟ್ ಸಹೋದರರ ಕಾಲದಲ್ಲೇ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಎಂಬ ಹೆಸರಾಂತ ವಿಜ್ಞಾನಿ ಇದ್ದರು. ಅಮೆರಿಕದ ಯುದ್ಧ ಇಲಾಖೆ ಅವರಿಗೆ 50,000 ಡಾಲರ್ ಕೊಟ್ಟಿತ್ತು. ಅವರು ಮಾಡಿದ, ಕಾಲು ಭಾಗ ಅಳತೆಯ, ಪೆಟ್ರೋಲ್ ಎಂಜಿನ್ನಿನ ಮಾದರಿ ನಿಜಕ್ಕೂ ಹಾರಿತು. ಅದನ್ನು ನಂಬಿ ಪೂರ್ಣ ಅಳತೆಯದನ್ನು ಕಟ್ಟಿ, ಮನುಷ್ಯನನ್ನು ಕೂರಿಸಿ, ಪೊಟೋಮ್ಯಾಕ್ ನದಿಯಲ್ಲಿ ದೋಣಿಯ ಮೇಲಿಂದ ಚಿಮ್ಮಿಸಿದರು. 1903ರ ಅಕ್ಟೋಬರ್ 7ರಂದು ಒಮ್ಮೆ, ಡಿಸೆಂಬರ್ 8ರಂದು ಇನ್ನೊಮ್ಮೆ. ಎರಡು ಸಲವೂ ನೇರ ನೀರಿಗೆ. ಚಾಲಕ ಚಾರ್ಲ್ಸ್ ಮ್ಯಾನ್ಲಿ ಬದುಕಿಕೊಂಡದ್ದೇ ಪುಣ್ಯ. ಚಿಮ್ಮಿಸುವ ವ್ಯವಸ್ಥೆಯ ತೊಡಕೋ ಚೌಕಟ್ಟಿನ ದೌರ್ಬಲ್ಯವೋ ಎಂಬ ಚರ್ಚೆ ಬಹಳ ಕಾಲ ನಡೆಯಿತು. ಸಣ್ಣ ಮಾದರಿ ಎರಡರ ಬಗ್ಗೆಯೂ ಎಚ್ಚರಿಸಿರಲಿಲ್ಲ ಎಂಬುದಂತೂ ನಿಜ.

ಕಾರಣ ಸರಳ. ಉದ್ದ ನಾಲ್ಕು ಪಟ್ಟಾದರೆ ಮೇಲ್ಮೈ 16 ಪಟ್ಟು, ಗಾತ್ರ ಮತ್ತು ಅದರೊಂದಿಗೆ ತೂಕ 64 ಪಟ್ಟು ಆಗುತ್ತದೆ. ಸಣ್ಣದರಲ್ಲಿ ಬಿಗಿಯಾಗಿ ನಿಂತ ಕಡ್ಡಿ ದೊಡ್ಡದರಲ್ಲಿ ಬಾಗುತ್ತದೆ. ನೀರಿನ ಹರಿವು, ಶಾಖ, ಸವೆತ ಯಾವುದೂ ಅಳತೆಯ ಜೊತೆ ಒಂದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ.

ಆದರೆ ಅಳತೆ ಬದಲಾದರೂ ಬದಲಾಗದ ಸಂಗತಿಗಳೂ ಇವೆ. ಬಾರ್ಸಿಲೋನಾದ ವಾಸ್ತುಶಿಲ್ಪಿ ಆಂಟೋನಿ ಗೌಡಿ, ಕೊಲೋನಿಯಾ ಗುವೆಲ್ ಚರ್ಚಿಗಾಗಿ ಛಾವಣಿಯಿಂದ ದಾರಗಳನ್ನು ಇಳಿಬಿಟ್ಟು, ಅವುಗಳಿಗೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಕಟ್ಟಿದರು. ಜೋತು ಬಿದ್ದ ದಾರ ತಾನಾಗಿ ಪಡೆದ ಬಾಗನ್ನು ತಲೆಕೆಳಗಾಗಿ ತಿರುಗಿಸಿದರೆ, ಕಲ್ಲಿನ ಕಮಾನು ಯಾವ ಆಕಾರದಲ್ಲಿ ನಿಲ್ಲಬೇಕು ಎಂಬುದು ಸಿಗುತ್ತದೆ. ಬಲ ಹರಿಯುವ ದಾರಿಗೆ ಅಳತೆಯ ಹಂಗಿಲ್ಲ. ಆದ್ದರಿಂದ ಆ ಸಣ್ಣ ಮಾದರಿ ಸುಳ್ಳು ಹೇಳಲಿಲ್ಲ. ನೀವು ಸಣ್ಣ ಮಾದರಿ ಮಾಡುವ ಮುನ್ನ, ನಿಮ್ಮ ಸಂಶಯ ಯಾವ ಜಾತಿಯದು ಎಂದು ನೋಡಿಕೊಳ್ಳಿ.

ಎಷ್ಟು ಮಾದರಿಗಳನ್ನು ಮಾಡಬೇಕು?

ಚೀಲವಿಲ್ಲದ ವ್ಯಾಕ್ಯೂಮ್ ಕ್ಲೀನರ್‌ಗಾಗಿ ಜೇಮ್ಸ್ ಡೈಸನ್ 5,127 ಮಾದರಿಗಳನ್ನು ಮಾಡಿದರು ಎಂಬುದನ್ನು ನೀವು ಕೇಳಿಯೇ ಇರುತ್ತೀರಿ. ಈ ಅಂಕಿಯನ್ನು ಛಲದ ಕಥೆಯಾಗಿ ಹೇಳುವವರೇ ಹೆಚ್ಚು. ನನಗೆ ಅದರಲ್ಲಿ ಕಾಣುವುದು ಬೇರೆ: 1979ರಿಂದ 1984ರವರೆಗೆ ಸುಮಾರು ಐದು ವರ್ಷ ಎಂದರೆ ದಿನಕ್ಕೆ ಎರಡು, ಮೂರು ಮಾದರಿಗಳ ಲೆಕ್ಕ. ಪ್ರತಿಯೊಂದೂ ಹೊಸ ಯಂತ್ರವಾಗಿದ್ದರೆ ಇದು ಆಗುವ ಮಾತಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದರ ಫಲ ನೋಡಿ ಮುಂದಿನದು ಎಂಬ ಶಿಸ್ತು ಅದರ ಹಿಂದಿದೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಆದ್ದರಿಂದ ಎಷ್ಟು ಎಂದು ಕೇಳುವುದಕ್ಕಿಂತ, ಒಂದು ಮುರಿದರೆ ಇನ್ನೊಂದು ಎಷ್ಟು ಹೊತ್ತಿಗೆ ಸಿದ್ಧ ಎಂದು ಕೇಳಿ. ಮನುಷ್ಯಬಲದಿಂದಲೇ ಹಾರುವ ವಿಮಾನಕ್ಕೆ ಬ್ರಿಟನ್ನಿನಲ್ಲಿ 1959ರಲ್ಲಿ ಕ್ರೆಮರ್ ಬಹುಮಾನ ಘೋಷಿಸಿದರು. ಅರ್ಧ ಮೈಲು ದೂರದ ಎರಡು ಕಂಬಗಳನ್ನು ಎಂಟರ ಆಕಾರದಲ್ಲಿ ಸುತ್ತಿ ಬರಬೇಕು. ನುರಿತ ತಂಡಗಳು ಸುಂದರವಾದ, ನಾಜೂಕಾದ ವಿಮಾನಗಳನ್ನು ಬಹಳ ಕಾಲ ಕೂತು ಕಟ್ಟಿದವು. ಅವು ಮುರಿದರೆ ರಿಪೇರಿಗೂ ಅಷ್ಟೇ ಕಾಲ. ಕ್ಯಾಲಿಫೋರ್ನಿಯಾದ ಪಾಲ್ ಮೆಕ್‌ಕ್ರೆಡಿ, ಅಲ್ಯೂಮಿನಿಯಂ ಕೊಳವೆ, ಪಿಯಾನೊ ತಂತಿ, ತೆಳು ಪ್ಲಾಸ್ಟಿಕ್ ಹಾಳೆ ಮತ್ತು ಟೇಪ್ ಬಳಸಿ ಸುಮಾರು 29 ಮೀಟರ್ ಅಗಲದ, ಹತ್ತಿರಹತ್ತಿರ 32 ಕಿಲೊ ತೂಕದ ವಿಮಾನ ಕಟ್ಟಿದರು. ನೋಡಲು ಒರಟು. ಬಿದ್ದರೆ ಅಲ್ಲೇ ಟೇಪ್ ಸುತ್ತಿ ಮತ್ತೆ ಹಾರಿಸುವುದು. ಬೇರೆಯವರು ವರ್ಷದಲ್ಲಿ ಕಲಿಯುತ್ತಿದ್ದುದನ್ನು ಅವರ ತಂಡ ದಿನಗಳಲ್ಲಿ ಕಲಿಯುತ್ತಿತ್ತು. 1977ರ ಆಗಸ್ಟ್ 23ರಂದು, ಸೈಕಲ್ ಸವಾರ ಬ್ರಯನ್ ಆ್ಯಲನ್ ಪೆಡಲು ತುಳಿದು ‘ಗಾಸಮರ್ ಕಾಂಡರ್’ ಅನ್ನು ಎಂಟರ ಆಕಾರದಲ್ಲಿ ಸುತ್ತಿಸಿದರು. 18 ವರ್ಷ ಯಾರಿಗೂ ದಕ್ಕದ 50,000 ಪೌಂಡ್ ಬಹುಮಾನ ಅವರ ಪಾಲಾಯಿತು.

ಮಾದರಿ ನೋಡಲು ಎಷ್ಟು ಅಂದವಾಗಿರಬೇಕು?

ಸಂಶಯ ಎಷ್ಟು ಮೂಲದ್ದೋ ಮಾದರಿ ಅಷ್ಟು ಒರಟಾಗಿರಲಿ. ಬಣ್ಣ ಬಳಿದು ಮಿರುಗಿಸಿದ ಮಾದರಿ ಕೊಟ್ಟರೆ ಜನ ಬಣ್ಣದ ಬಗ್ಗೆ ಮಾತನಾಡುತ್ತಾರೆ. ಇಷ್ಟು ಕಷ್ಟಪಟ್ಟು ಮಾಡಿದ್ದಾರೆ, ತಪ್ಪು ಹೇಳಿದರೆ ನೊಂದುಕೊಳ್ಳುತ್ತಾರೆ ಎಂಬ ದಾಕ್ಷಿಣ್ಯವೂ ಸೇರಿಕೊಳ್ಳುತ್ತದೆ. ರಟ್ಟಿನ ಪೆಟ್ಟಿಗೆಯ ಮುಂದೆ ಯಾರಿಗೂ ದಾಕ್ಷಿಣ್ಯವಿಲ್ಲ. ಪೆನ್ನು ತೆಗೆದುಕೊಂಡು ಅದರ ಮೇಲೆಯೇ ಗೀಚುತ್ತಾರೆ. ಆ್ಯಪ್ ಆದರೂ ಅಷ್ಟೇ: ಪರದೆಗಳನ್ನು ಮೊದಲು ಕಾಗದದ ಹಾಳೆಗಳ ಮೇಲೆ ಬರೆದು, ಮುಟ್ಟಿದಾಗ ಹಾಳೆ ಬದಲಿಸುತ್ತಾ ಹೋಗಿ. ಅರ್ಧ ದಿನದಲ್ಲಿ ತಿಳಿಯುವ ತಪ್ಪಿಗೆ ಎರಡು ತಿಂಗಳು ಕೋಡ್ ಬರೆಯಬೇಕೇ?

ಒಂದು ವಿನಾಯಿತಿ ಇದೆ. ತೂಕ, ಹಿಡಿತ, ಸದ್ದು, ವಾಸನೆಗಳೇ ನಿಮ್ಮ ಪ್ರಶ್ನೆಯಾಗಿದ್ದರೆ ಅಲ್ಲಿ ಒರಟುತನ ನಡೆಯದು. ಥರ್ಮಾಕೋಲಿನ ಸುತ್ತಿಗೆ ಹಿಡಿದು ಯಾರೂ ಹಿಡಿಕೆಯ ಬಗ್ಗೆ ತೀರ್ಪು ಕೊಡಲಾರರು.

ಮುಖ್ಯ ಭಾಗವೇ ಇನ್ನೂ ಸಿದ್ಧವಿಲ್ಲ. ಮಾದರಿ ಹೇಗೆ ಮಾಡುವುದು?

ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿ. ಇದಕ್ಕೆ ಎರಡು ದಾರಿ.

ಮೊದಲನೆಯದು, ಯಂತ್ರದ ಬದಲು ಮನುಷ್ಯ. ಮಾತನಾಡಿದ್ದನ್ನು ತಾನೇ ಬರೆದುಕೊಳ್ಳುವ ಯಂತ್ರ 1980ರ ದಶಕದ ಆರಂಭದಲ್ಲಿ ಕನಸಾಗಿತ್ತು. ಕಂಪ್ಯೂಟರ್ ಕಂಪನಿ ಐಬಿಎಂನ ಸಂಶೋಧಕ ಜಾನ್ ಗೌಲ್ಡ್ ಮತ್ತು ಜೊತೆಗಾರರು ಅದನ್ನು ತಯಾರಿಸುವ ಗೋಜಿಗೆ ಹೋಗದೆ, ಪಕ್ಕದ ಕೋಣೆಯಲ್ಲಿ ನುರಿತ ಟೈಪಿಸ್ಟ್ ಒಬ್ಬರನ್ನು ಕೂರಿಸಿದರು. ಬಳಸುವವರು ಮೈಕಿನಲ್ಲಿ ಪತ್ರ ಹೇಳುತ್ತಿದ್ದರು, ಅಕ್ಷರಗಳು ಪರದೆಯ ಮೇಲೆ ಮೂಡುತ್ತಿದ್ದವು. ಇಂಥ ಯಂತ್ರ ಬಂದರೆ ಜನ ಹೇಗೆ ಪತ್ರ ಬರೆಯುತ್ತಾರೆ, ಯಂತ್ರಕ್ಕೆ ಎಷ್ಟು ಪದ ಗೊತ್ತಿದ್ದರೆ ಸಾಕು, ಪದಗಳ ನಡುವೆ ತಡೆದು ಮಾತನಾಡಲು ಅವರು ಒಪ್ಪುತ್ತಾರೆಯೇ ಎಂಬುದನ್ನೆಲ್ಲ ಯಂತ್ರ ಹುಟ್ಟುವ ಎಷ್ಟೋ ವರ್ಷ ಮೊದಲೇ ಅಳೆದರು. ಇಂದು ಚಾಟ್‌ಬಾಟ್ ಮಾಡಲು ಹೊರಟವರು, ವಾರದ ಮಟ್ಟಿಗೆ ತಾವೇ ಚಾಟ್‌ಬಾಟ್ ಆಗಿ ಉತ್ತರ ಟೈಪ್ ಮಾಡಿ ನೋಡುವುದು ಒಳ್ಳೆಯದು.

ಎರಡನೆಯದು, ಸಿದ್ಧವಿರುವ ಬೇರೆಯವರ ಭಾಗ. ಬೆಂಗಳೂರಿನಲ್ಲಿ ರೂಪುಗೊಂಡ ಹಗುರ ಯುದ್ಧವಿಮಾನ ತೇಜಸ್‌ಗೆ ದೇಶೀಯ ‘ಕಾವೇರಿ’ ಎಂಜಿನ್ ಎಂದು ಯೋಜನೆ ಇತ್ತು. ಅದು ತಡವಾಯಿತು. 2001ರ ಜನವರಿ 4ರಂದು ಮೊದಲ ತಂತ್ರಜ್ಞಾನ ಪ್ರದರ್ಶಕ ವಿಮಾನ ಹಾರಿದ್ದು ಅಮೆರಿಕದ ಜಿಇ ಎಫ್-404 ಎಂಜಿನ್ನಿನೊಂದಿಗೆ. ವಿದ್ಯುತ್ ಸಂಕೇತಗಳ ಮೂಲಕ ನಡೆಯುವ ಹಾರಾಟ ನಿಯಂತ್ರಣ, ಕಾರ್ಬನ್ ನಾರಿನ ಮೈ ಮೊದಲಾದವುಗಳ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಎಂಜಿನ್ ಯಾರದ್ದಾದರೇನು? ಒಂದು ಎಚ್ಚರ ಮಾತ್ರ ಇರಲಿ. ತಾತ್ಕಾಲಿಕವಾಗಿ ಕೂರಿಸಿದ್ದು ಖಾಯಂ ಆಗಿಬಿಡಬಹುದು. ಇಂದಿಗೂ ವಾಯುಪಡೆಯ ತೇಜಸ್ ಹಾರುವುದು ಅದೇ ಎಂಜಿನ್ ಕುಲದ ಮೇಲೆಯೇ.

ಎಷ್ಟು ಜನರ ಕೈಗೆ ಕೊಟ್ಟು ನೋಡಬೇಕು?

ಐವರು ಸಾಕು ಎಂಬ ಮಾತು ಸಾಫ್ಟ್‌ವೇರ್ ಲೋಕದಲ್ಲಿ ಬಹಳ ಓಡಾಡುತ್ತದೆ. ಸಂಶೋಧಕರಾದ ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡಾವರ್ 1993ರಲ್ಲಿ ಕೊಟ್ಟ ಸೂತ್ರ ಅದರ ಮೂಲ. ಒಬ್ಬ ಬಳಕೆದಾರ ಸರಾಸರಿ ಶೇ 31ರಷ್ಟು ತೊಡಕುಗಳನ್ನು ಹೊರಗೆಡವುತ್ತಾನೆ ಎಂದುಕೊಂಡರೆ ಐವರು ಸೇರಿ ಸುಮಾರು ಶೇ 85ರಷ್ಟನ್ನು ತೋರಿಸುತ್ತಾರೆ. ಆ ಸರಾಸರಿ ಎಲ್ಲ ಉತ್ಪನ್ನಕ್ಕೂ ಒಂದೇ ಅಲ್ಲ. ಅಲ್ಲದೆ ಇದು ಒಂದು ಸುತ್ತಿನ ಲೆಕ್ಕ. ಸರಿಪಡಿಸಿ ಮತ್ತೆ ಐವರಿಗೆ ಕೊಡಬೇಕು ಎಂಬ ಉಳಿದರ್ಧವನ್ನು ಎಲ್ಲರೂ ಮರೆಯುತ್ತಾರೆ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ಪಾತ್ರೆಯಲ್ಲಿರುವುದೆಲ್ಲ ಒಂದೇ ಅಕ್ಕಿ. ನಿಮ್ಮ ಬಳಕೆದಾರರು ಒಂದೇ ಅಕ್ಕಿಯಲ್ಲ. ಎಡಗೈ ಬಳಸುವವರು, ಕನ್ನಡಕ ಮರೆತು ಬಂದವರು, ಕನ್ನಡ ಓದಲು ಬಾರದವರು, ಇಂಗ್ಲಿಷ್ ಓದಲು ಬಾರದವರು, ಕೈ ಒದ್ದೆಯಿರುವವರು ಇವರೆಲ್ಲ ಬೇರೆ ಬೇರೆ ಗುಂಪು. ಕಚೇರಿಯ ಐದು ಸಹೋದ್ಯೋಗಿಗಳನ್ನು ಕರೆದು ಪರೀಕ್ಷೆ ಮುಗಿಸುವುದು ಪರೀಕ್ಷೆಯಲ್ಲ.

ಬಳಸಿದವರನ್ನು ಏನೆಂದು ಕೇಳಬೇಕು?

‘ಹೇಗಿದೆ?’ ಎಂದು ಮಾತ್ರ ಕೇಳಬೇಡಿ. ನಮ್ಮಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ: ‘ಚೆನ್ನಾಗಿದೆ ಸರ್.’ ಒಂದು ಕೆಲಸ ಕೊಡಿ, ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನೋಡಿ. ಅವರು ತಪ್ಪು ಗುಂಡಿ ಒತ್ತಲು ಹೊರಟಾಗ ನಿಮ್ಮ ಕೈ ತಾನಾಗಿ ಮುಂದೆ ಹೋಗುತ್ತದೆ, ತಡೆದುಕೊಳ್ಳಿ. ಅವರು ತಡವರಿಸಿದ ಜಾಗವನ್ನು ಗುರುತು ಹಾಕಿಕೊಳ್ಳಿ. ‘ನಾನೇ ದಡ್ಡ, ನನಗೆ ಗೊತ್ತಾಗಲಿಲ್ಲ’ ಎಂದು ಅವರು ಹೇಳಿದರೆ, ಅದು ನಿಮ್ಮ ವಿನ್ಯಾಸದ ಮೇಲಿನ ದೂರು ಎಂದು ಬರೆದುಕೊಳ್ಳಿ.

ಪ್ರಯೋಗಾಲಯದಲ್ಲಿ ಪಾಸಾಗಿದೆ. ಇನ್ನೂ ಹೊರಗೆ ಒಯ್ದು ನೋಡಬೇಕೇ?

ನೋಡಲೇಬೇಕು. ನಾವೆಲ್ಲ ಮತಗಟ್ಟೆಯಲ್ಲಿ ಕಂಡಿರುವ ಒಂದು ವಸ್ತುವೇ ಇದಕ್ಕೆ ಒಳ್ಳೆಯ ನಿದರ್ಶನ. ಗುಂಡಿ ಒತ್ತಿದ ಮೇಲೆ ಏಳು ಸೆಕೆಂಡು ಕಾಗದದ ಚೀಟಿ ತೋರಿಸುವ ವಿವಿಪ್ಯಾಟ್ ಯಂತ್ರವನ್ನು ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿಗಳಾದ ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸಿದವು. ಅದರ ಮಾದರಿಗಳನ್ನು 2011ರ ಜುಲೈನಲ್ಲಿ ಚುನಾವಣಾ ಆಯೋಗ ಪರೀಕ್ಷೆಗೆ ಒಯ್ದ ಜಾಗಗಳ ಪಟ್ಟಿ ನೋಡಿ: ಲಡಾಖ್, ಜೈಸಲ್ಮೇರ್, ಚಿರಾಪುಂಜಿ, ತಿರುವನಂತಪುರ, ದೆಹಲಿ. ಚಳಿ, ಮರುಭೂಮಿಯ ಬಿಸಿಲು, ಮಳೆ, ಕಡಲ ತೀರದ ತೇವ, ಮಹಾನಗರದ ಜನಜಂಗುಳಿ ಎಲ್ಲವೂ ಅದರಲ್ಲಿದ್ದವು. ಅಲ್ಲಿ ಕಂಡ ಕೊರತೆಗಳನ್ನು ತಿದ್ದಿ 2012ರಲ್ಲಿ ಮತ್ತೊಂದು ಸುತ್ತು ನಡೆಸಿದರು. 2013ರ ಫೆಬ್ರುವರಿಯಲ್ಲಿ ತಜ್ಞರ ಸಮಿತಿ ವಿನ್ಯಾಸವನ್ನು ಒಪ್ಪಿತು. ಅದೇ ಸೆಪ್ಟೆಂಬರ್‌ನಲ್ಲಿ ನಾಗಾಲ್ಯಾಂಡಿನ ನೊಕ್ಸೆನ್ ಉಪಚುನಾವಣೆಯಲ್ಲಿ ಯಂತ್ರ ನಿಜವಾದ ಮತದಾನಕ್ಕೆ ಇಳಿಯಿತು. ಇಡೀ ದೇಶಕ್ಕೆ ಒಂದೇ ಸಲ ಹಂಚದೆ ಒಂದೇ ಕ್ಷೇತ್ರದಿಂದ ಆರಂಭಿಸಿದ್ದೂ ಪರೀಕ್ಷೆಯ ಮುಂದುವರಿಕೆಯೇ.

ಇಷ್ಟೆಲ್ಲ ಆದ ಮೇಲೂ 2018ರಲ್ಲಿ, ಉತ್ತರ ಪ್ರದೇಶದ ಕೈರಾನಾ ಮೊದಲಾದ ಕಡೆ ಉಪಚುನಾವಣೆಯ ದಿನ ಅನೇಕ ಯಂತ್ರಗಳು ಕೈಕೊಟ್ಟವು. ಆಯೋಗ ಕೊಟ್ಟ ಕಾರಣ ಕುತೂಹಲದ್ದು: ಒಳಗಿನ ಸಂವೇದಕದ (ಸೆನ್ಸರ್) ಮೇಲೆ ನೇರವಾಗಿ ಬಿದ್ದ ಬೆಳಕು. ಸಂವೇದಕದ ಮೇಲೆ ಪುಟ್ಟ ಮರೆ ಕಟ್ಟಿ, ತೇವ ಹೀರದ ಕಾಗದ ಬಳಸಿ ಅದನ್ನು ಸರಿಪಡಿಸಿದರು. ಲಡಾಖಿನ ಚಳಿಯನ್ನೂ ಚಿರಾಪುಂಜಿಯ ಮಳೆಯನ್ನೂ ಊಹಿಸಿದವರು, ಶಾಲೆಯ ಕೋಣೆಯಲ್ಲಿ ಮತಗಟ್ಟೆ ಸಿಬ್ಬಂದಿ ಯಂತ್ರವನ್ನು ಎಲ್ಲಿ ಇಡುತ್ತಾರೆ ಎಂಬುದನ್ನು ಪೂರ್ತಿಯಾಗಿ ಊಹಿಸಲು ಆಗಲಿಲ್ಲ. ಇದಕ್ಕಾಗಿ ಅವರನ್ನು ಹಳಿಯುವುದು ಸುಲಭ. ಹಳಿಯುವ ಮೊದಲು ನಿಮ್ಮ ಉತ್ಪನ್ನವನ್ನು ಯಾರ ಮನೆಯಲ್ಲಿ ಎಲ್ಲಿ ಇಡುತ್ತಾರೆಂದು ನಿಮಗೆ ಗೊತ್ತೇ ಎಂದು ಕೇಳಿಕೊಳ್ಳಿ.

ಮಾದರಿ ಚೆನ್ನಾಗಿ ನಡೆಯಿತು, ಆದರೂ ಯೋಜನೆ ನಿಂತುಹೋಯಿತು. ಹೀಗಾಗುವುದುಂಟೇ?

ಉಂಟು. ಮತಯಂತ್ರದ ಹಿಂದಿನ ಚರಿತ್ರೆಯಲ್ಲೇ ಇದೆ. 1982ರಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ವಿದ್ಯುನ್ಮಾನ ಯಂತ್ರ ಮೊದಲ ಬಾರಿ ಬಳಕೆಯಾಯಿತು. ಕಾನೂನಿನಲ್ಲಿ ಯಂತ್ರದ ಪ್ರಸ್ತಾಪವೇ ಇಲ್ಲ ಎಂದು ಸೋತ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು. 1984ರಲ್ಲಿ ಸುಪ್ರೀಂ ಕೋರ್ಟ್ ಆ ಮತಗಟ್ಟೆಗಳಲ್ಲಿ ಮರುಮತದಾನಕ್ಕೆ ಆದೇಶಿಸಿತು. 1988ರಲ್ಲಿ ಸಂಸತ್ತು ಜನಪ್ರಾತಿನಿಧ್ಯ ಕಾಯ್ದೆಗೆ ತಿದ್ದುಪಡಿ ತಂದ ಮೇಲೆಯೇ ದಾರಿ ತೆರೆಯಿತು, ಎಲ್ಲ ಲೋಕಸಭಾ ಕ್ಷೇತ್ರಗಳಿಗೂ ಯಂತ್ರ ಬಂದದ್ದು 2004ರಲ್ಲಿ. ತಂತಿ, ಗುಂಡಿ, ಬ್ಯಾಟರಿಗಳನ್ನು ಪರೀಕ್ಷಿಸುವಾಗ ಕಾನೂನು, ಪರವಾನಗಿ, ರಿಪೇರಿ, ಸಾಗಣೆಗಳನ್ನೂ ಪಟ್ಟಿಗೆ ಸೇರಿಸಿ.

ನಮ್ಮದು ಯಂತ್ರವಲ್ಲ, ಊರಿನ ಒಂದು ಯೋಜನೆ. ಅದಕ್ಕೂ ಮಾದರಿ ಮಾಡಬಹುದೇ?

ಮಾಡಬಹುದು. ಯಂತ್ರಕ್ಕಿಂತ ಅಲ್ಲೇ ಅದರ ಅಗತ್ಯ ಹೆಚ್ಚು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ಹುಟ್ಟಿತು. ಮೂರು ಪಾತ್ರೆ ಇಡಬಹುದಾದ, ಹೊಗೆ ಕೊಳವೆಯಿರುವ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳಲ್ಲಿ ಕಂಡವರು ಇಂದಿಗೂ ಇದ್ದಾರೆ. ಘಟಕದವರು ಬೆಂಗಳೂರಿನಲ್ಲೇ ಕೂರದೆ ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕ್ಷೇತ್ರ ಕೇಂದ್ರ ತೆರೆದದ್ದು ನನಗೆ ಒಲೆಯಷ್ಟೇ ಮುಖ್ಯವಾಗಿ ಕಾಣುತ್ತದೆ.

ಅವರ ಇನ್ನೊಂದು ಕೆಲಸ ಕುಣಿಗಲ್ ತಾಲ್ಲೂಕಿನ ಪುರ ಎಂಬ ಸಣ್ಣ ಹಳ್ಳಿಯದು. ಊರಿಗೆಲ್ಲ ಅಡುಗೆ ಅನಿಲ ಕೊಡುವ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಅಲ್ಲಿನ ಮೊದಲ ಗುರಿ. ಸಿಗುವ ಸೆಗಣಿಯಿಂದ ಇಡೀ ಊರಿನ ಅಡುಗೆಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ. ಊರಿನವರೊಂದಿಗೆ ಕೂತು ಮಾತನಾಡಿದಾಗ ಅವರಿಗೆ ಬೇಕಾಗಿದ್ದುದು ಮೊದಲು ಕುಡಿಯುವ ನೀರು, ಆಮೇಲೆ ಬೆಳಕು. 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆ ಬಾವಿಯ ನೀರನ್ನು ಮನೆಗಳಿಗೂ ದೀಪಕ್ಕೆ ವಿದ್ಯುತ್ತನ್ನೂ ಒದಗಿಸಲಾಯಿತು. ಅನಿಲ ತೆಗೆದ ಮೇಲೆ ಉಳಿದ ಸೆಗಣಿ ಬಗ್ಗಡ ಗೊಬ್ಬರವಾಗಿ ಹೊಲಕ್ಕೆ ಮರಳುತ್ತಿತ್ತು. ಇದನ್ನು ನೂರು ಹಳ್ಳಿಗಳಲ್ಲಿ ಒಟ್ಟಿಗೆ ಆರಂಭಿಸಿದ್ದರೆ ನೂರು ಕಡೆ ಅಡುಗೆ ಅನಿಲದ ಕೊಳವೆಗಳು ತುಕ್ಕು ಹಿಡಿಯುತ್ತಿದ್ದವು. ಒಂದೇ ಹಳ್ಳಿಯಲ್ಲಿ ಮಾಡಿದ್ದರಿಂದ ಗುರಿಯನ್ನೇ ಬದಲಿಸಲು ಸಾಧ್ಯವಾಯಿತು.

ಪರೀಕ್ಷೆಯಲ್ಲಿ ಮಾದರಿ ಮುರಿದುಹೋದರೆ ಹಾಕಿದ ಹಣ ವ್ಯರ್ಥವಲ್ಲವೇ?

ಮುರಿಯುವವರೆಗೆ ಪರೀಕ್ಷಿಸದಿದ್ದರೆ ವ್ಯರ್ಥ. ಮಿತಿ ಎಲ್ಲಿದೆ ಎಂದು ತಿಳಿಯುವುದು ಮಿತಿ ದಾಟಿದಾಗಲೇ. ಚಂದ್ರಯಾನ-2ರ ಲ್ಯಾಂಡರ್‌ಗಾಗಿ ಇಸ್ರೊ ಚಳ್ಳಕೆರೆ ಬಳಿಯ ಉಳ್ಳಾರ್ತಿ ಕಾವಲಿನಲ್ಲಿ ಕೃತಕ ಕುಳಿಗಳನ್ನು ತೋಡಿ, ಮೇಲೆ ವಿಮಾನ ಹಾರಿಸಿ ಸಂವೇದಕಗಳನ್ನು ಪರೀಕ್ಷಿಸಿತ್ತು. ತಮಿಳುನಾಡಿನ ಸಿತ್ತಂಪೂಂಡಿ ಭಾಗದ, ಚಂದ್ರನ ಕಲ್ಲನ್ನು ಹೋಲುವ ಅನಾರ್ಥೊಸೈಟ್ ಕಲ್ಲನ್ನು ಪುಡಿ ಮಾಡಿಸಿ ಬೆಂಗಳೂರಿನಲ್ಲಿ ಚಂದ್ರನ ನೆಲ ಹಾಸಿತ್ತು. ಆದರೂ 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಲ್ಯಾಂಡರ್ ‘ವಿಕ್ರಮ್’ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಚಂದ್ರಯಾನ-3ರ ಹೊತ್ತಿಗೆ ಪ್ರಶ್ನೆ ಕೇಳುವ ರೀತಿಯೇ ಬದಲಾಯಿತು. ಎಲ್ಲ ಸರಿಯಾಗಿ ನಡೆದರೆ ಇಳಿಯುವುದು ಹೇಗೆ ಎಂಬುದಕ್ಕಿಂತ, ಯಾವುದು ಕೆಟ್ಟರೂ ಇಳಿಯುವುದು ಹೇಗೆ ಎಂದು ಹುಡುಕಿದರು. ಹೆಲಿಕಾಪ್ಟರ್‌ಗೆ ತೂಗಿಸಿ ಸಂವೇದಕಗಳನ್ನು, ಗೋಪುರ ಕ್ರೇನ್‌ಗೆ ತೂಗಿಸಿ ಉರಿಯುವ ಎಂಜಿನ್‌ಗಳನ್ನು, ಕೃತಕ ಚಂದ್ರನೆಲದ ಮೇಲೆ ಬೀಳಿಸಿ ಕಾಲುಗಳನ್ನು ಪರೀಕ್ಷಿಸಿದರು. ಸೆಕೆಂಡಿಗೆ 2 ಮೀಟರ್ ವೇಗದ ಬಡಿತ ತಾಳುತ್ತಿದ್ದ ಕಾಲು 3 ಮೀಟರ್ ವೇಗ ತಾಳುವಂತಾಯಿತು. ಇಳಿಯುವ ಜಾಗ 500 ಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿತು. 2023ರ ಆಗಸ್ಟ್ 23ರ ಸಂಜೆ ನಡೆದದ್ದು ನಿಮಗೆ ಗೊತ್ತೇ ಇದೆ.

ಮಾದರಿ ನೋಡಿದ ಗಿರಾಕಿ ‘ಇದನ್ನೇ ಮುಂದಿನ ತಿಂಗಳು ಮಾರುಕಟ್ಟೆಗೆ ಬಿಡಿ’ ಎನ್ನುತ್ತಿದ್ದಾರೆ. ಏನು ಹೇಳಲಿ?

ಚೆನ್ನಾಗಿ ಕಾಣುವ ಮಾದರಿಯ ಶಾಪವೇ ಇದು. ಒಂದನ್ನು ಮಾಡುವುದು ಬೇರೆ, ಒಂದೇ ಥರದ ಸಾವಿರ ಮಾಡುವುದು ಬೇರೆ ವಿದ್ಯೆ. ಮಾದರಿಯಲ್ಲಿ ನೀವು ಕೈಯಿಂದ ಉಜ್ಜಿ ಕೂರಿಸಿದ ಭಾಗವನ್ನು ಕಾರ್ಖಾನೆಯಲ್ಲಿ ಯಾರೂ ಉಜ್ಜಿ ಕೂರಿಸುವುದಿಲ್ಲ. ಮೋಲ್ಡ್‌ನಿಂದ ಪೀಸ್ ಹೊರಬರಬೇಕಾದರೆ ಗೋಡೆಗಳಿಗೆ ಇಳಿಜಾರು ಬೇಕು, ಪ್ಲಾಸ್ಟಿಕ್ ತಣ್ಣಗಾಗುವಾಗ ಕುಗ್ಗುತ್ತದೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಕ್ಕ ಹತ್ತು ಬಿಡಿಭಾಗ ಹತ್ತು ಸಾವಿರ ಸಿಗುವುದಿಲ್ಲ. ತೇಜಸ್ಸಿನಲ್ಲಿ ತಂತ್ರಜ್ಞಾನ ಪ್ರದರ್ಶಕ, ಆಮೇಲೆ ಮೂಲಮಾದರಿ ವಿಮಾನ, ಆಮೇಲೆ ಸೀಮಿತ ಉತ್ಪಾದನೆ, ಕೊನೆಗೆ ಸರಣಿ ಉತ್ಪಾದನೆ ಎಂದು ಮೆಟ್ಟಿಲುಗಳನ್ನೇ ಬೇರೆ ಬೇರೆ ಹೆಸರಿಟ್ಟು ಕಟ್ಟಿದ್ದರು. ಮೊದಲ ಹಾರಾಟ 2001ರಲ್ಲಿ, ವಾಯುಪಡೆಯ ದಳ ಸೇರಿದ್ದು 2016ರಲ್ಲಿ. ನಿಮ್ಮ ಮಿಕ್ಸರ್‌ಗೆ ಹದಿನೈದು ವರ್ಷ ಬೇಡ, ಆದರೆ ಒಂದು ತಿಂಗಳೂ ಸಾಲದು. ಗಿರಾಕಿಗೆ ಮಾದರಿ ತೋರಿಸುವಾಗಲೇ ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಪರೀಕ್ಷೆಗೆ ಮಾತ್ರ’ ಎಂದು ಬರೆದಿಡಿ.

ಮಾದರಿ ಹೊರಗೆ ತೋರಿಸಿದರೆ ಯಾರಾದರೂ ಕದಿಯುವುದಿಲ್ಲವೇ?

ಕಳ್ಳತನಕ್ಕಿಂತ ಹೆಚ್ಚಿನ ಅಪಾಯ ನಿಮ್ಮ ಪ್ರದರ್ಶನವೇ. ಪೇಟೆಂಟ್‌ಗೆ ಹೊಸತನ ಬೇಕು. ಅರ್ಜಿ ಹಾಕುವ ಮೊದಲೇ ಸಾರ್ವಜನಿಕರ ಮುಂದಿಟ್ಟರೆ, ಕಾನೂನಿನ ಕೆಲವು ಸೀಮಿತ ವಿನಾಯಿತಿಗಳನ್ನು ಬಿಟ್ಟರೆ, ಆ ಹೊಸತನ ಹೋದಂತೆಯೇ. ನಮ್ಮ ಪೇಟೆಂಟ್ ಕಾಯ್ದೆಯಡಿ ಮೊದಲು ತಾತ್ಕಾಲಿಕ ವಿವರಣೆ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಲು ಅವಕಾಶವಿದೆ. ಮಾದರಿಗಳನ್ನು ಮಾಡಿ ತಿದ್ದಲು ಆ ಒಂದು ವರ್ಷ ಹೇಳಿ ಮಾಡಿಸಿದಂತಿದೆ. ಆಕಾರಕ್ಕೆ ರಕ್ಷಣೆ ಬೇಕಿದ್ದರೆ 2000ದ ವಿನ್ಯಾಸ ಕಾಯ್ದೆಯ ನೋಂದಣಿ ಬೇರೆ. ಜಾಬ್ ವರ್ಕ್ ಮಾಡುವವರಿಂದ ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿಸಿ, ಇಡೀ ಯಂತ್ರವನ್ನು ಒಬ್ಬರಿಗೇ ಕೊಡಬೇಡಿ. ವಕೀಲರನ್ನು ಒಮ್ಮೆ ಕಾಣುವುದು ಇದ್ದೇ ಇದೆ.

ಮಾದರಿಯೇ ಬೇಡವಾದ ಸಂದರ್ಭ ಇದೆಯೇ?

ಇದೆ. ಉತ್ತರ ಏನೇ ಬಂದರೂ ನಿಮ್ಮ ತೀರ್ಮಾನ ಬದಲಾಗದು ಎಂದಾದರೆ ಮಾದರಿ ಮಾಡಬೇಡಿ, ಅದು ಬರೀ ಪೂಜೆ. ಬೇರೆಯವರು ಈಗಾಗಲೇ ಮಾಡಿ ಅಳೆದಿಟ್ಟಿದ್ದರೆ ಅದನ್ನು ಓದಿ. ಮಾರುಕಟ್ಟೆಯಲ್ಲಿ ಇರುವ ಎದುರಾಳಿಯ ಉತ್ಪನ್ನವೂ ಒಂದು ಮಾದರಿಯೇ: ಕೊಂಡು ತಂದು, ಬಿಚ್ಚಿ, ಹತ್ತು ಜನರಿಗೆ ಬಳಸಲು ಕೊಟ್ಟು ನೋಡಿ. ನೀವು ಕಡಿಮೆ ಖರ್ಚಿನಲ್ಲಿ ಕಲಿಯುವುದು ಬಹಳವಿರುತ್ತದೆ.

ಕೊನೆಯದಾಗಿ, ತ್ರೀಡಿ ಪ್ರಿಂಟರ್ ಕೊಳ್ಳಲೇ?

ಈಗಲೇ ಬೇಡ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ, ಹಲವು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹಣ ಕೊಟ್ಟು ಪ್ರಿಂಟ್ ಮಾಡಿಸಿಕೊಳ್ಳಬಹುದು. ಯಂತ್ರ ಮನೆಗೆ ಬಂದರೆ, ರಟ್ಟಿನಲ್ಲಿ ಹತ್ತು ನಿಮಿಷಕ್ಕೆ ಆಗುವ ಕೆಲಸಕ್ಕೂ ಅದನ್ನೇ ಓಡಿಸುವ ಚಟ ಹತ್ತುತ್ತದೆ. ಕತ್ತರಿ, ಕಟ್ಟರ್ ಬ್ಲೇಡು, ಸನ್‌ಬೋರ್ಡ್, ಎಂ-ಸೀಲ್, ಹಾಟ್ ಗ್ಲೂ, ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸಲು ಒಂದು ಬ್ರೆಡ್‌ಬೋರ್ಡ್, ಅಳೆಯಲು ಒಳ್ಳೆಯ ವರ್ನಿಯರ್ ಕ್ಯಾಲಿಪರ್ ಇಷ್ಟರಿಂದ ಶುರು ಮಾಡಿ. ವಾರಕ್ಕೆ ಎರಡು ಮೂರು ಸಲ ಪ್ರಿಂಟ್ ಮಾಡಿಸಲು ಓಡಾಡುವ ಸ್ಥಿತಿ ಬಂದಾಗ ಪ್ರಿಂಟರ್ ಬೆಲೆ ವಿಚಾರಿಸಿ.